ಕೊಳೆ ಬರಲಿಲ್ಲ ಎಂಬುದು ಯಾವುದಕ್ಕೆ ಸಾಕ್ಷಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಟ್ಟು, ನೆಂಟರೊಬ್ಬರು ಹೇಳಿದ ಹೊಸ ಔಷಧಿ ಹೊಡೆಸಿದೆ. ಕಾಯಿ ಉದುರಿಸುವ ಕೊಳೆ ರೋಗ ಬರಲೇ ಇಲ್ಲ. ಆದರೆ ಕಾಲೇಜಿನಲ್ಲಿ ಓದುತ್ತಿರುವ ಮಗಳು, ‘ಅಪ್ಪಯ್ಯ, ಇದರಿಂದ ಏನೂ ಸಾಬೀತಾಗುವುದಿಲ್ಲ’ ಎನ್ನುತ್ತಾಳೆ. ಕಣ್ಣಾರೆ ಕಂಡದ್ದನ್ನೂ ನಂಬಬಾರದೇ? ವಾದಗಳನ್ನು ತೂಗಿ ನೋಡುವುದನ್ನು 58ರ ವಯಸ್ಸಿನಲ್ಲಿ ಕಲಿಯಬಹುದೇ?

ಉತ್ತರ: ಕಣ್ಣಾರೆ ಕಂಡದ್ದನ್ನು ನಂಬಲೇಬೇಕು. ಆದರೆ ತಾವು ಕಂಡದ್ದು ಎರಡೇ ಸಂಗತಿ: ಔಷಧಿ ಹೊಡೆದದ್ದು ಮತ್ತು ಕೊಳೆ ಬಾರದೆ ಹೋದದ್ದು. ಮೊದಲನೆಯದರ ದೆಸೆಯಿಂದಲೇ ಎರಡನೆಯದಾಯಿತೆಂಬುದು ತಮ್ಮ ಊಹೆ. ಮಗಳು ಕೇಳುತ್ತಿರುವುದು ಆ ಊಹೆಗೆ ಆಧಾರವನ್ನು.

ಇದಕ್ಕೆ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿಯೇ ಒಳ್ಳೆಯ ಸಾಧನವಿದೆ. ಅಲ್ಲಿ ಅನುಮಾನವೆಂದರೆ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮ. ಅದನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಲ್ಲಿ ಹೇಳಬೇಕು. ಕ್ರಮವಾಗಿ ಹೇಳುವುದಾದರೆ: ಬೆಟ್ಟದಲ್ಲಿ ಬೆಂಕಿಯಿದೆ; ಏಕೆಂದರೆ ಹೊಗೆ ಕಾಣುತ್ತಿದೆ; ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ; ಈ ಬೆಟ್ಟದಲ್ಲಿಯೂ ಅಂಥದೇ ಹೊಗೆಯಿದೆ; ಆದ್ದರಿಂದ ಬೆಂಕಿಯಿದೆ. ಇಡೀ ವಾದದ ಭಾರ ಬೀಳುವುದು ‘ಇದ್ದಲ್ಲೆಲ್ಲ’ ಎಂಬ ಒಂದು ಮಾತಿನ ಮೇಲೆ. ಅದಕ್ಕೆ ವ್ಯಾಪ್ತಿಯೆಂದು ಹೆಸರು.

ಅದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂದು ನೋಡಿ. ಆಷಾಢದಲ್ಲಿ ಬಚ್ಚಲೊಲೆಗೆ ಹಸಿ ಸೌದೆ ತುಂಬಿದ ದಿನ ಮನೆಯೆಲ್ಲ ಹೊಗೆ, ಕಣ್ಣು ಬಿಡುವಂತಿಲ್ಲ. ಅದೇ ಒಲೆಯಲ್ಲಿ ಸೌದೆ ಉರಿದು ನಿಗಿನಿಗಿ ಕೆಂಡವಾದ ಮೇಲೆ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಬೆಂಕಿಯ ಜೊತೆಗೆ ಹಸಿ ಸೌದೆಯೂ ಬೇಕಾಯಿತು. ಹೀಗೆ ಲೆಕ್ಕಕ್ಕೆ ಸಿಗದೆ ಮರೆಯಲ್ಲಿ ಕೆಲಸ ಮಾಡುವ ಸಂಗತಿಯನ್ನು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಉಪಾಧಿಯೆಂದು ಕರೆದರು. ಅವರು ಕೊಟ್ಟ ಉದಾಹರಣೆಯೂ ಹಸಿ ಸೌದೆಯೇ ಎಂಬುದು ಮಲೆನಾಡಿನವನಾದ ನನಗೆ ಬಹಳ ಪ್ರಿಯವಾದ ಸಂಗತಿ.

ತಮ್ಮ ವಾದದಲ್ಲಿ ಆ ಹಸಿ ಸೌದೆಯ ಜಾಗದಲ್ಲಿರುವುದು ಮಳೆಯಿರಬಹುದು. ಕೊಳೆ ರೋಗವನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಹಬ್ಬಬೇಕಾದರೆ ಬಿಡದೆ ಸುರಿಯುವ ಮಳೆ, ತಂಪು ಮತ್ತು ಗಾಳಿಯಲ್ಲಿ ತೇವ ಬೇಕು. ಕಳೆದ ವರ್ಷ ಪುನರ್ವಸು, ಪುಷ್ಯ ಮಳೆಗಳು ತಮ್ಮಲ್ಲಿ ಹೇಗೆ ಬಂದವು? ಏನನ್ನೂ ಹೊಡೆಯದ ಅಕ್ಕಪಕ್ಕದ ತೋಟಗಳಲ್ಲಿ ಕೊಳೆ ಬಂದಿತ್ತೇ? ಅಲ್ಲಿಯೂ ಬಂದಿರಲಿಲ್ಲವೆಂದಾದರೆ, ತಮ್ಮ ಅಡಿಕೆ ಗೊನೆಗಳನ್ನು ಕಾಯ್ದದ್ದು ಔಷಧಿಯೆನ್ನಲು ಆಧಾರ ಉಳಿಯುವುದಿಲ್ಲ.

ಮಗಳಿಗೂ ಒಂದು ಮಾತು ಹೇಳಬೇಕು. ‘ಸಾಬೀತಾಗಲಿಲ್ಲ’ ಎನ್ನುವವರೆಗೆ ಅವಳ ಮಾತು ಸರಿ. ಅಲ್ಲಿಂದ ಮುಂದೆ ಹೋಗಿ ‘ಆ ಔಷಧಿಯಿಂದ ಉಪಯೋಗವಿಲ್ಲ’ ಎಂದಳಾದರೆ ಅದೂ ಆಧಾರವಿಲ್ಲದ ತೀರ್ಮಾನವೇ ಆಗುತ್ತದೆ.

ಒಳ್ಳೆಯ ಊಹೆಯೂ ತಪ್ಪಬಹುದೆಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರಿಗೂ ಜ್ವರ ಬಂದಾಗ, ತಜ್ಞರು ಮೊದಲು ಶಂಕಿಸಿದ್ದು ಸೊಳ್ಳೆಗಳಿಂದ ಹರಡುವ ಹಳದಿ ಜ್ವರವನ್ನು. ಮಂಗ ಮತ್ತು ಮನುಷ್ಯರಿಬ್ಬರನ್ನೂ ಕೊಲ್ಲುವ ರೋಗವೆಂದು ಅದು ಬೇರೆ ಖಂಡಗಳಲ್ಲಿ ಹೆಸರಾಗಿತ್ತು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ವೈರಾಣುವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ರಷ್ಯಾದ ಕಡೆ ರಕ್ತ ಹೀರುವ ಉಣುಗುಗಳಿಂದ (ಉಣ್ಣೆಗಳಿಂದ) ಹರಡುವ ಮಿದುಳು ಜ್ವರದ ವೈರಾಣುವಿನ ಹತ್ತಿರದ ಬಂಧುವೆಂದು ತಿಳಿಯಿತು. ಇಲ್ಲಿಯೂ ರೋಗವನ್ನು ಹರಡುತ್ತಿದ್ದುದು ಕಾಡಿನ ಉಣುಗೇ ಎಂದು ಗೊತ್ತಾಯಿತು. ಮೊದಲಿನ ಊಹೆಗೇ ಅಂಟಿಕೊಂಡಿದ್ದರೆ ಸೊಳ್ಳೆಗಳ ಬೆನ್ನು ಹತ್ತಿ ವರ್ಷಗಳೇ ಕಳೆಯುತ್ತಿದ್ದವು.

ಇನ್ನು ಕಲಿಕೆಯ ವಿಷಯ. ವಯಸ್ಸು ಅಡ್ಡಿಯಲ್ಲ; ಗೆಲ್ಲಬೇಕೆಂಬ ಹಟ ಅಡ್ಡಿ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರಗಳು ಚರ್ಚೆಯನ್ನು ಮೂರು ಬಗೆಯಾಗಿ ನೋಡುತ್ತವೆ: ಸತ್ಯ ತಿಳಿಯಲೆಂದು ಆಡುವುದು ವಾದ, ಗೆಲ್ಲಲೆಂದು ಆಡುವುದು ಜಲ್ಪ, ತನ್ನದೊಂದು ಪಕ್ಷವನ್ನೇ ಇಡದೆ ಎದುರಿನವರದ್ದನ್ನು ಕೆಡವಲು ಮಾತ್ರ ಆಡುವುದು ವಿತಂಡ. ಅಪ್ಪ, ಮಗಳ ನಡುವೆ ಮೊದಲನೆಯದು ನಡೆಯಲೆಂದು ಮನಸಾರೆ ಹಾರೈಸುತ್ತೇನೆ.

ಬರುವ ಮಳೆಗಾಲಕ್ಕೆ ಹೀಗೆ ಮಾಡಿ. ತೋಟದ ಹೆಚ್ಚಿನ ಪಾಲಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಎಂದಿನ ಬೋರ್ಡೋ ದ್ರಾವಣವನ್ನೇ ಹೊಡೆಸಿ. ಒಂದೇ ಬಗೆಯ ನೆಲ, ಒಂದೇ ಬಗೆಯ ನೆರಳಿನ ಕೆಲವು ಮರಗಳಿಗೆ ಹೊಸ ಔಷಧಿ ಹೊಡೆಸಿ, ಪಕ್ಕದಲ್ಲಿ ನಾಲ್ಕಾರು ಮರಗಳನ್ನು ಏನೂ ಹೊಡೆಯದೆ ಬಿಡಿ. ಯಾವ ಮರಕ್ಕೆ ಯಾವುದು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿ. ತಾವೇ ಆರಿಸಿದರೆ ಒಳ್ಳೆಯ ಮರಗಳು ತಮಗೆ ಬೇಕಾದ ಔಷಧಿಯ ಪಾಲಿಗೆ ಹೋಗಿಬಿಡುತ್ತವೆ. ವಾರಕ್ಕೊಮ್ಮೆ ಬುಡದಲ್ಲಿ ಉದುರಿದ ಕಾಯಿಗಳನ್ನು ಹೆಕ್ಕಿ, ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಮಚ್ಚೆ ಅಥವಾ ಬಿಳಿ ಬೂಷ್ಟು ಇದ್ದವನ್ನು ಮಾತ್ರ ಎಣಿಸಿ. ಯಾವ ಮರಕ್ಕೆ ಏನು ಹೊಡೆದಿದೆಯೆಂದು ತಿಳಿಯದವರು ಎಣಿಸಿದರೆ ಇನ್ನೂ ಒಳ್ಳೆಯದು. ಮೊದಲ ಮಳೆ ಬೀಳುವ ಮುನ್ನವೇ, ಎಂಥ ಲೆಕ್ಕ ಬಂದರೆ ಯಾರು ತಮ್ಮ ಮಾತನ್ನು ಬಿಟ್ಟುಕೊಡಬೇಕೆಂಬುದನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಡಿ.