ಎಷ್ಟು ಬಾಳುತ್ತೆ ಅನ್ನೋ ಮೊದಲು ರತ್ನಗಂಬಳಿ ಮಗುಚಿ ನೋಡಿ

ನಮಸ್ಕಾರ ಅಕ್ಕ. ನಿಮ್ಮ ತಂದೆಯವರು 1986ರಲ್ಲಿ ಕುವೈತಿನಿಂದ ತಂದ, ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ಕೆಂಪು ರತ್ನಗಂಬಳಿ. ಒಬ್ಬ ಅಂಗಡಿಯವರು ನಾಲ್ಕು ಲಕ್ಷ ಅಂದರು, ಇನ್ನೊಬ್ಬರು ಮೂವತ್ತು ಸಾವಿರಕ್ಕೆ ಕೇಳಿದರು, ಯಾರನ್ನು ನಂಬಲಿ ಅಂತ ಬರೆದಿದ್ದೀರಿ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿರಲೇಬೇಕು ಅಂತಿಲ್ಲ. ಅಂಥದ್ದನ್ನೇ ಇವತ್ತು ಶೋರೂಮಿನಲ್ಲಿ ಕೊಳ್ಳಲು ಹೋದರೆ ಬೀಳುವುದು ಒಂದು ಬೆಲೆ, ಇನ್ಶೂರೆನ್ಸಿಗೆ ಬರೆಸುವುದೂ ಅದನ್ನೇ. ಅಂಗಡಿಯವರು ನಿಮ್ಮಿಂದ ಕೊಂಡು, ತೊಳೆಸಿ, ರಿಪೇರಿ ಮಾಡಿಸಿ, ಗಿರಾಕಿ ಬರುವ ತನಕ ದುಡ್ಡು ಕಟ್ಟಿಹಾಕಿಕೊಂಡು ಕೂರುವ ಬೆಲೆ ಬೇರೆ. ಎರಡರ ನಡುವೆ ಯಾವಾಗಲೂ ದೊಡ್ಡ ಅಂತರ ಇರುತ್ತೆ.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಮೇಲೆ ಒಬ್ಬರು ಪರ್ಷಿಯನ್ (ಇರಾನಿನ) ಗಂಬಳಿ ಅಂದರೆ ಕೋಟಿಗಟ್ಟಲೆ ಅಂತ ಬರೆದಿದ್ದಾರೆ. 2013ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ ಒಂದು ಗಂಬಳಿ 3.3 ಕೋಟಿ ಡಾಲರ್ ದಾಟಿದ್ದು ನಿಜ. ಅದು 17ನೇ ಶತಮಾನದ್ದು. ನಿಮ್ಮದಕ್ಕೆ ಇನ್ನೂ 40 ವರ್ಷ. ಈ ವ್ಯಾಪಾರದಲ್ಲಿ ಸುಮಾರು ನೂರು ವರ್ಷ ದಾಟಿದ್ದನ್ನೇ ಆಂಟಿಕ್ ಅನ್ನುವುದು. ಹಾಗಾಗಿ ವಯಸ್ಸಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ನೀವು ಹಾಕಿದ ಮೂರು ಫೋಟೋನೂ ಮುಂಭಾಗದ್ದು. ಬೆಲೆ ಗೊತ್ತಾಗುವುದು ಹಿಂಭಾಗದಲ್ಲಿ. ನಮ್ಮ ನವಲಗುಂದದ ಜಮಖಾನೆಯಲ್ಲಿ ಗಂಟು ಇರಲ್ಲ, ಬರೀ ಹಾಸು ಹೊಕ್ಕು, ಅಂದರೆ ಉದ್ದದ ನೂಲು, ಅಡ್ಡದ ನೂಲು ಅಷ್ಟೇ. ಕೈಗಂಟಿನ ರತ್ನಗಂಬಳಿಯಲ್ಲಿ ಹಾಸಿನ ಎರಡೆರಡು ಎಳೆ ಹಿಡಿದು ಒಂದೊಂದಕ್ಕೂ ಕೈಯಲ್ಲಿ ಉಣ್ಣೆಯ ಗಂಟು ಹಾಕಿರುತ್ತಾರೆ. ಅದಕ್ಕೇ ಮುಂದೆ ಕಾಣುವ ಹೂವು ಬಳ್ಳಿ ಹಿಂದೆಯೂ ಅಷ್ಟೇ ಸ್ಪಷ್ಟವಾಗಿ ಕಾಣಬೇಕು. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಗಂಟಿನ ಕೆಲಸವೇ ಅಲ್ಲ ಅನ್ನುವ ಅನುಮಾನ ಬರಲಿ. ಕುಚ್ಚು ಹಾಸಿನ ನೂಲೇ ಹೊರಗೆ ಬಂದದ್ದಾಗಿರಬೇಕು. ಆಮೇಲೆ ಹೊಲಿದು ಸೇರಿಸಿದ್ದರೆ ಮೆಷಿನ್ನಿನದ್ದಿರಬಹುದು, ಇಲ್ಲವೇ ಹಳೇ ಕುಚ್ಚು ಹಾಳಾಗಿ ಯಾರೋ ಬದಲಿಸಿರಬಹುದು.

ಈಗ ಹಿಂದೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಅಡ್ಡಕ್ಕೆ ಎಷ್ಟು ಗಂಟು, ಉದ್ದಕ್ಕೆ ಎಷ್ಟು ಅಂತ ಎಣಿಸಿ ಗುಣಿಸಿ. ಎಲ್ಲರೂ ತಪ್ಪುವುದು ಇಲ್ಲೇ. ಕೆಲವು ಗಂಬಳಿಗಳಲ್ಲಿ ಒಂದು ಗಂಟಿಗೆ ಒಂದೇ ಉಬ್ಬು ಕಾಣುತ್ತೆ. ಹಾಸಿನ ಎಳೆಗಳು ಒಂದೇ ಮಟ್ಟದಲ್ಲಿ ಇದ್ದರೆ ಒಂದೇ ಗಂಟು ಪಕ್ಕಪಕ್ಕದ ಎರಡು ಉಬ್ಬಾಗಿ ಕಾಣುತ್ತೆ. ಎರಡನ್ನೂ ಎಣಿಸಿದರೆ ಲೆಕ್ಕ ದುಪ್ಪಟ್ಟು. ಒಂಟಿ ಗಂಟಿನ ಬಣ್ಣದ ಚುಕ್ಕಿ ಎಲ್ಲಾದರೂ ಇದ್ದರೆ ಹುಡುಕಿ, ಅದು ಒಂದು ಉಬ್ಬೋ ಎರಡೋ ಅಂತ ನೋಡಿಕೊಂಡು ಎಣಿಸಿ.

ಚದರ ಇಂಚಿಗೆ 200 ಬಂತು ಅಂತಿಟ್ಟುಕೊಳ್ಳಿ. ನಿಮ್ಮ ಆರು ಚದರ ಮೀಟರಿಗೆ ಹದಿನೆಂಟೂವರೆ ಲಕ್ಷ ಗಂಟು. ದಿನಕ್ಕೆ ಎಂಟು ಸಾವಿರದ ಲೆಕ್ಕ ಹಿಡಿದರೂ ಒಬ್ಬ ನೇಕಾರ್ತಿಗೆ 230 ದಿನಕ್ಕೂ ಮೇಲೆ ಕೆಲಸ. ಮೂವತ್ತು ಸಾವಿರ ಅನ್ನುವಾಗ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಹಾಗಂತ ಗಂಟು ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು ಅನ್ನುವುದು ಅಂಗಡಿಯವರ ಮಾತು. ಇರಾನಿನ ಇಸ್ಫಹಾನ್, ನಾಯಿನ್ ಊರುಗಳ ಗಂಬಳಿ, ಕೋಮ್ ಊರಿನ ರೇಷ್ಮೆ ಗಂಬಳಿ ಇವುಗಳಲ್ಲಿ ಸಣ್ಣ ಗಂಟೇ ಜೀವಾಳ. ಅಲ್ಲಿನದೇ ಹೆರಿಜ್ ಊರಿನದರಲ್ಲಿ ಚದರ ಇಂಚಿಗೆ 60-70 ಇದ್ದರೂ ಒಳ್ಳೆ ಉಣ್ಣೆ, ಒಳ್ಳೆ ಬಣ್ಣ ಇದ್ದರೆ ಜನ ಮುಗಿಬೀಳುತ್ತಾರೆ. ಆಯಾ ಊರಿನದನ್ನು ಆಯಾ ಊರಿನದರ ಜೊತೆಗೇ ತೂಗಬೇಕು. ನಿಮ್ಮದರ ಕೆಂಪು ನೆಲ, ನಡುವಿನ ಪದಕ, ನೀಲಿ ಮೂಲೆ ನೋಡಿದರೆ ಇರಾನಿನ ಕಾಶಾನ್ ಊರಿನ ಮಾದರಿ ಅನ್ನಿಸುತ್ತೆ. ಆದರೆ ಅದೇ ವಿನ್ಯಾಸ ನಮ್ಮ ಉತ್ತರ ಪ್ರದೇಶದ ಭದೋಹಿಯಲ್ಲೂ ಕಾಶ್ಮೀರದಲ್ಲೂ ನೇಯುತ್ತಾರೆ. ಅವು ಕಳಪೆ ಅಂತಲ್ಲ, ಬೆಲೆ ಮಾತ್ರ ಬೇರೆ. ಹಿಂದೆ ಗಂಟಿನ ಸಾಲುಗಳ ನಡುವೆ ಹೊಕ್ಕಿನ ನೂಲು ನೀಲಿ ಇದೆಯಾ ನೋಡಿ. ಕಾಶಾನಿನಲ್ಲಿ ಅದು ಸಾಮಾನ್ಯ. ಅದೊಂದೇ ಸಾಕ್ಷಿ ಅಲ್ಲ, ಒಂದು ಸುಳಿವು.

ಬಣ್ಣಕ್ಕೆ ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಕೆಂಪಿನ ಮೇಲೆ ಮೆಲ್ಲಗೆ ಉಜ್ಜಿ. ಬಟ್ಟೆಗೆ ಕೆಂಪು ಹತ್ತಿದರೆ ಬೆಲೆ ಇಳಿಯಿತು. ಉಣ್ಣೆ ಬಿಡಿಸಿ ಬುಡ ನೋಡಿ. ಬುಡದಲ್ಲಿ ಗಾಢ, ತುದಿಯಲ್ಲಿ ಬೂದು ಆಗಿದ್ದರೆ ಬಣ್ಣ ಗಟ್ಟಿ ಇಲ್ಲ. ಒಂದೇ ನೀಲಿ ಅಡ್ಡ ಪಟ್ಟಿಯಂತೆ ತಿಳಿ, ದಟ್ಟ ಆಗಿದ್ದರೆ ಹೆದರಬೇಡಿ. ಉಣ್ಣೆಯನ್ನು ಬೇರೆ ಬೇರೆ ಸಲ ಬಣ್ಣಕ್ಕೆ ಅದ್ದಿದ್ದಕ್ಕೆ ಹಾಗೆ ಬರುತ್ತೆ, ಅಬ್ರಶ್ ಅಂತಾರೆ. ನನಗಂತೂ ಅದೇ ಚಂದ.

ನೀವು ಉಡುಪಿ ಕಡೆಯವರಾದ್ದರಿಂದ ಒಂದು ಮಾತು ಒತ್ತಿ ಹೇಳ್ತೀನಿ. ಎಂಟು ವರ್ಷದ ಹಿಂದೆ ನಾನು ಒಬ್ಬ ವ್ಯಾಪಾರಿಯಿಂದ ಇರಾನಿನ ಹಮದಾನ್ ಊರಿನ ಒಂದು ಗಂಬಳಿ ಕೊಂಡೆ. ಮುಂಭಾಗ ಕಣ್ಣು ಕೀಳುವಂತಿರಲಿಲ್ಲ. ಮನೆಗೆ ತಂದು ಮಡಚಿದಾಗ ಒಣ ಹಪ್ಪಳ ಮುರಿದ ಹಾಗೆ ಚಟಚಟ ಸದ್ದು, ಮಡಿಕೆ ಉದ್ದಕ್ಕೂ ಸೀಳು. ತೇವಕ್ಕೆ ಹಾಸಿನ ಹತ್ತಿ ನೂಲು ಒಳಗೇ ಕೊಳೆತಿತ್ತು. ಇದಕ್ಕೆ ರಿಪೇರಿ ಇಲ್ಲ. ನಲವತ್ತು ಮಳೆಗಾಲ ಕಂಡದ್ದು ನಿಮ್ಮದು. ಒಂದು ಮೂಲೆ ಕಿವಿಯ ಹತ್ತಿರ ಹಿಡಿದು ನಿಧಾನ ಬಗ್ಗಿಸಿ. ಸದ್ದು ಬಾರದೆ ಮೆತ್ತಗೆ ಬಗ್ಗಿದರೆ ನಿಮ್ಮ ದೊಡ್ಡ ಆತಂಕ ಕಳೆಯಿತು. ಫೋಟೋದಲ್ಲಿ ಕಾಣುವ ಹುಳ ತಿಂದ ಮೂಲೆ, ಸವೆದ ಕುಚ್ಚು ಇವೆಲ್ಲ ಕೈಬಲ್ಲವರು ಸರಿಮಾಡಬಹುದಾದ್ದು. ಕುಚ್ಚು ಕತ್ತರಿಸಿ ಹೊಸದು ಹೊಲಿಸಬೇಡಿ, ಮೆಷಿನ್ ವಾಶ್ ಅಂತೂ ಬೇಡವೇ ಬೇಡ.

ಅಂಚಿನಲ್ಲಿ ಇಸವಿ ನೇಯ್ದಿದ್ದರೆ ಅದನ್ನೂ ತಿಳಿಸಿ. ಇರಾನಿನಲ್ಲಿ ಚಾಂದ್ರಮಾನದ ಹಿಜರಿ (ಇಸ್ಲಾಮೀ ಇಸವಿ) ಕೂಡ ಇದೆ, ಸೌರಮಾನದ್ದೂ ಇದೆ. 1345 ಅಂತ ಇದ್ದರೆ ಒಂದರಲ್ಲಿ 1926, ಇನ್ನೊಂದರಲ್ಲಿ 1966. ಅಂಕಿ ಕಿತ್ತು ಬೇರೆ ನೇಯ್ದು ವಯಸ್ಸು ಏರಿಸುವವರೂ ಇದ್ದಾರೆ. ಹಾಗೆಯೇ 2018ರಿಂದ ಅಮೆರಿಕದವರು ಇರಾನಿನ ಗಂಬಳಿ ತರಿಸಿಕೊಳ್ಳುವುದನ್ನು ಮತ್ತೆ ನಿಲ್ಲಿಸಿದ್ದಾರೆ. ಅಷ್ಟು ದೊಡ್ಡ ಗಿರಾಕಿ ಹೋದಮೇಲೆ ಮಾರುಕಟ್ಟೆ ಮೊದಲಿನಂತಿಲ್ಲ.

ಬೆಲೆ ಬರೆಸುವುದಾದರೆ ಅದನ್ನು ಕೊಳ್ಳದವರ ಹತ್ತಿರ, ಇಂತಿಷ್ಟು ಅಂತ ಫೀಸು ಕೊಟ್ಟು ಬರೆಸಿ. ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಅನ್ನುವವರು ಬೇಡ. ಮಾರುವ ಬೆಲೆಯೋ ಇನ್ಶೂರೆನ್ಸ್ ಬೆಲೆಯೋ ಅಂತ ಕಾಗದದಲ್ಲೇ ನಮೂದಾಗಲಿ. ಅಲ್ಲಿ ತನಕ ಮೂವತ್ತು ಸಾವಿರದವರಿಗೆ ಹೂಂ ಅನ್ನಬೇಡಿ ಅಕ್ಕ. ಹಗಲು ಬೆಳಕಲ್ಲಿ ಹಿಂಭಾಗ ಸ್ಕೇಲ್ ಸಮೇತ, ಕುಚ್ಚಿನ ಬುಡ, ಬಿಡಿಸಿ ಹಿಡಿದ ಉಣ್ಣೆ, ಈ ಮೂರು ಫೋಟೋ ಹಾಕಿ. ಎಣಿಸಿದ ಲೆಕ್ಕವನ್ನೂ ಬರೆಯಿರಿ, ಒಟ್ಟಿಗೆ ಕೂತು ನೋಡೋಣ.