ಗಣಿತದ ಟೀಚರ್ ಮತ್ತು ಎಂಟು-ಒಂಬತ್ತು-ಮೂರು

ಪ್ರಶ್ನೆ: 'ಗೊಕುಸೆನ್' ಅನ್ನೋ ಜಪಾನಿ ಸೀರಿಯಲ್ ನೋಡಿ ಮುಗಿಸಿದೆ. ಪುಂಡ ಹುಡುಗರ ಕ್ಲಾಸಿಗೆ ಬರುವ ಟೀಚರ್ ಯಾಕುಜಾ ಮನೆಯ ಹುಡುಗಿ. ಯಾಕುಜಾ ಅಂದ್ರೆ ಗೂಂಡಾಗಳಲ್ವಾ? ಅವರಿಗೆ ಇಷ್ಟೊಂದು ನಿಯತ್ತು ಎಲ್ಲಿಂದ ಬಂತು? ಅವರು ಮೂಲದಲ್ಲಿ ಸಮುರಾಯ್‌ಗಳು ಅಂತ ನನ್ನ ಗೆಳೆಯನ ವಾದ.

ಉತ್ತರ: ಗೂಂಡಾಗಳೇ, ಅದರಲ್ಲಿ ಅನುಮಾನ ಬೇಡ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಆ ಹೆಸರಿನಲ್ಲೇ ಇದೆ.

ಜಪಾನಿನಲ್ಲಿ ಓಯಿಚೊ-ಕಾಬು ಅಂತ ಒಂದು ಹಳೆಯ ಇಸ್ಪೀಟಾಟ. ಕೈಗೆ ಬಂದ ಎಲೆಗಳನ್ನು ಕೂಡಿಸಬೇಕು, ಕೊನೆಯ ಅಂಕಿ ಮಾತ್ರ ಲೆಕ್ಕಕ್ಕೆ, ಒಂಬತ್ತು ಬಂದರೆ ರಾಜ. ಈಗ ನಿಮ್ಮ ಕೈಗೆ ಎಂಟು ಬಂತು, ಒಂಬತ್ತು ಬಂತು ಅಂದುಕೊಳ್ಳಿ. ಕೂಡಿದರೆ ಹದಿನೇಳು, ಅಂದರೆ ಏಳು. ಒಳ್ಳೆಯ ಕೈ, ಸುಮ್ನೆ ಕೂತರೆ ಸಾಕು. ಆದರೂ ಆಸೆ ತಡೆಯದೆ ಇನ್ನೊಂದು ಎಲೆ ಎಳೀತೀರಿ, ಮೂರು ಬರುತ್ತೆ. ಒಟ್ಟು ಇಪ್ಪತ್ತು, ಕೈಯಲ್ಲಿ ಸೊನ್ನೆ! ಯಾ ಅಂದರೆ ಎಂಟು, ಕು ಅಂದರೆ ಒಂಬತ್ತು, ಜಾ ಅಂದರೆ ಮೂರು. ಕೆಲಸಕ್ಕೆ ಬಾರದವನು ಅನ್ನೋ ಬೈಗುಳವನ್ನೇ ಈ ಜನ ಹೆಸರು ಮಾಡಿಕೊಂಡರು ಅನ್ನೋದು ಹೆಚ್ಚಿನವರು ಒಪ್ಪುವ ವಿವರಣೆ. ಆ ಸೀರಿಯಲ್‌ನಲ್ಲಿ ಶಾಲೆಯೇ ಕೈಬಿಟ್ಟ 3-ಡಿ ಕ್ಲಾಸು ಆ ಗಣಿತದ ಟೀಚರ್ ಯಾನ್‌ಕುಮಿಗೆ ಸಿಗೋದು ನೋಡಿದಾಗೆಲ್ಲ ನನಗೆ ಈ ಸೊನ್ನೆ ಕೈ ನೆನಪಾಗುತ್ತೆ.

ಹೆಸರು ಜೂಜಿನದು, ಜನವೂ ಜೂಜಿನವರೇ. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಜೂಜಿಗೆ ನಿಷೇಧ ಇತ್ತು. ಆದರೂ ಹೆದ್ದಾರಿಯ ತಂಗುದಾಣಗಳಲ್ಲಿ ದಾರಿಹೋಕರನ್ನು ಕೂರಿಸಿ ದಾಳ ಉರುಳಿಸುತ್ತಿದ್ದವರು ಬಾಕುತೊ. ಎರಡು ದಾಳ, ಒಂದು ಬಟ್ಟಲು, ಸಮವೋ ಬೆಸವೋ ಅಂತ ಪಣ, ಅಷ್ಟೇ ಬಂಡವಾಳ. ಇನ್ನೊಂದು ಗುಂಪು ತೆಕಿಯಾ, ದೇವಸ್ಥಾನದ ಜಾತ್ರೆಗಳಲ್ಲಿ ಅಂಗಡಿ ಹಾಕುವವರು. ಯಾರ ಅಂಗಡಿ ಎಲ್ಲಿ ಅಂತ ಜಾಗ ಹಂಚೋದು, ಅದಕ್ಕೆ ಬಾಡಿಗೆ ಎತ್ತೋದು ಇವರ ಯಜಮಾನನ ಕೆಲಸ. 18ನೇ ಶತಮಾನದಲ್ಲಿ ಸರ್ಕಾರವೇ ಇಂಥ ಕೆಲವು ಯಜಮಾನರಿಗೆ ಮಾನ್ಯತೆ ಕೊಟ್ಟಿತ್ತು. ಸೀರಿಯಲ್‌ನಲ್ಲಿ ಟೀಚರ್ ಮನೆಯ ಆಳುಗಳಾದ ತೆತ್ಸು, ಮಿನೋರು ತಕೊಯಾಕಿ ಅನ್ನೋ ತಿಂಡಿಯ ಗಾಡಿ ಇಟ್ಟುಕೊಂಡಿರೋದು ಬರೀ ತಮಾಷೆಗೆ ಅಂದುಕೊಂಡಿರಾ? ಅದು ಈ ತೆಕಿಯಾಗಳ ಕಸುಬು.

ಮನೆ ಬಿಟ್ಟವರು, ಮನೆಯವರೇ ಬಿಟ್ಟವರು ಸೇರಿದ ಗುಂಪು ಅದು. ಹಾಗಾಗಿ ಅಲ್ಲೇ ಹೊಸ ಮನೆ ಕಟ್ಟಿಕೊಂಡರು. ಯಜಮಾನ ಓಯಾಬುನ್, ಅಂದರೆ ತಂದೆಯ ಸ್ಥಾನ. ಕೈಕೆಳಗಿನವನು ಕೊಬುನ್, ಮಗನ ಸ್ಥಾನ. ಸಾಕೆ ಅನ್ನೋ ಅಕ್ಕಿ ಮದ್ಯದ ಬಟ್ಟಲು ಹಂಚಿಕೊಂಡು ಕುಡಿದರೆ ಸಂಬಂಧ ಗಟ್ಟಿ. ತಪ್ಪು ಮಾಡಿದವನು ಕಿರುಬೆರಳಿನ ತುದಿ ಕತ್ತರಿಸಿ ಯಜಮಾನನಿಗೆ ಒಪ್ಪಿಸಬೇಕು. ಕಿರುಬೆರಳು ಹೋದರೆ ಕತ್ತಿಯ ಹಿಡಿತ ಸಡಿಲ, ಆಮೇಲೆ ಅವನು ಯಜಮಾನನ ಆಸರೆಯಲ್ಲೇ ಬದುಕಬೇಕು. ನೀವು ನಿಯತ್ತು ಅಂದಿರಲ್ಲ, ಅದಕ್ಕೆ ಈ ಮುಖವೂ ಇದೆ.

ಇನ್ನು ನಿಮ್ಮ ಗೆಳೆಯನ ಸಮುರಾಯ್ ವಾದ. 17ನೇ ಶತಮಾನದಲ್ಲಿ ಎಡೊ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಕೆಲಸವಿಲ್ಲದೆ ಪುಂಡಾಟ ಮಾಡುವ ಸಮುರಾಯ್‌ಗಳಿದ್ದರು, ಹತಾಮೊತೊ-ಯಾಕ್ಕೊ ಅಂತ. ಅವರಿಗೆ ಎದುರು ನಿಂತವರು ಮಾಚಿ-ಯಾಕ್ಕೊ, ಪೇಟೆಯ ಹುಡುಗರು. ಯಾಕುಜಾಗಳು ತಮ್ಮ ಪೂರ್ವಜರು ಅಂತ ಹೇಳಿಕೊಳ್ಳೋದು ಈ ಪೇಟೆಯವರನ್ನ! ಅಂದರೆ ಸಮುರಾಯ್‌ಗಳ ವಿರುದ್ಧ ನಿಂತವರನ್ನ. ಇವರಲ್ಲಿ ಹೆಸರಾದವನು ಬಂಜುಯಿನ್ ಚೋಬೆ, ಕಬುಕಿ ನಾಟಕಗಳ ನಾಯಕ. ಬಡವರ ಪರ ನಿಲ್ಲುವ ಧೀರ ಅನ್ನೋ ಚಿತ್ರ ಬೆಳೆದಿದ್ದು ಜಾಸ್ತಿ ಇಂಥ ರಂಗದ ಮೇಲೆ, ಆಮೇಲೆ ಸಿನಿಮಾದಲ್ಲಿ. ನನ್ನ ಕೇಳಿದರೆ ಯಾನ್‌ಕುಮಿ ಆ ನಾಟಕದ ಚೋಬೆಯ ಮೊಮ್ಮಗಳು, ಬೀದಿಯ ಯಾಕುಜಾದ ಮೊಮ್ಮಗಳಲ್ಲ.

ಪ್ರಶ್ನೆ: 'ಗೊಕುಸೆನ್' ಅಂದರೇನು? ಈಗಲೂ ಯಾಕುಜಾಗಳು ಇದ್ದಾರಾ?

ಉತ್ತರ: 'ಗೊಕುದೋ' ಅಂದರೆ ಯಾಕುಜಾಗೆ ಇನ್ನೊಂದು ಹೆಸರು, 'ಸೆನ್ಸೇ' ಅಂದರೆ ಟೀಚರ್. ಎರಡನ್ನೂ ಕತ್ತರಿಸಿ ಜೋಡಿಸಿದ್ದಾರೆ. ಮೊದಲು ಕಾಮಿಕ್ಸ್ ಆಗಿ ಬಂದಿತ್ತು, 2002ರಲ್ಲಿ ಟಿವಿಗೆ ಬಂತು.

ಇದ್ದಾರೆ, ಆದರೆ ಮುದುಕರಾಗುತ್ತಿದ್ದಾರೆ. 1960ರ ದಶಕದ ಆರಂಭದಲ್ಲಿ ಸುಮಾರು 1 ಲಕ್ಷ 80 ಸಾವಿರ ಜನ ಇದ್ದರು, ಈಗ ಪೊಲೀಸರ ಲೆಕ್ಕದಲ್ಲಿ 20 ಸಾವಿರದ ಆಸುಪಾಸು. 1992ರಲ್ಲಿ ಜಾರಿಗೆ ಬಂದ ಕಾನೂನು ಅವರ ವಸೂಲಿಗೆ ಕಡಿವಾಣ ಹಾಕಿತು. 2011ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳಲ್ಲೂ ಅವರ ಜೊತೆ ವ್ಯವಹಾರ ಮಾಡುವವರ ಮೇಲೂ ಕ್ರಮ ತೆಗೆದುಕೊಳ್ಳುವ ನಿಯಮ ಬಂತು. ಇವತ್ತು ಅವರಿಗೆ ಬ್ಯಾಂಕ್ ಖಾತೆ ತೆರೆಯೋದು ಕಷ್ಟ, ಬಾಡಿಗೆ ಮನೆ ಸಿಗೋದು ಕಷ್ಟ, ಗುಂಪು ಬಿಟ್ಟ ಮೇಲೂ ಎಷ್ಟೋ ಕಡೆ 5 ವರ್ಷ ಇದೇ ಕಥೆ.