ಕುಚ್ಚು ಹಾಕುವ ಕೈಗೆ ಸ್ಕಾರ್ಫ್ ಏಕೆ ಬಿಗಿಯಾಗುತ್ತದೆ?

ಪ್ರಶ್ನೆ: ಹತ್ತು ವರ್ಷಗಳಿಂದ ಸೀರೆಯ ಸೆರಗಿಗೆ ಕ್ರೋಶಾ ಕುಚ್ಚು ಹಾಕಿಕೊಡುತ್ತಿದ್ದೇನೆ. ಮಗ ಓದಲು ಟೊರಾಂಟೊಗೆ ಹೋಗಿದ್ದಾನೆ. ಅವನಿಗೆ ನನ್ನ ಕೈಯಾರೆ ಬೆಚ್ಚನೆಯ ಸ್ಕಾರ್ಫ್ ಹೆಣೆದು ಕಳಿಸೋಣವೆಂದು ದಪ್ಪ ಉಲ್ಲನ್ ತಂದು, ನನ್ನಲ್ಲಿದ್ದ ಎರಡೂವರೆ ಮಿಲಿಮೀಟರ್ ಕೊಕ್ಕೆ ಕಡ್ಡಿಯಲ್ಲಿ ಆರಂಭಿಸಿದೆ. ಸಾಲಿಗೆ 40 ಕಂಬಗಳಿದ್ದದ್ದು (ಒಂದೊಂದು ಹೆಣಿಕೆಯನ್ನು ಕಂಬ ಎನ್ನುತ್ತೇವೆ) ಎರಡು ಅಡಿ ಆಗುವಷ್ಟರಲ್ಲಿ 31ಕ್ಕೆ ಇಳಿದಿದೆ, ಅಂಚು ಓರೆಯಾಗಿದೆ, ಕೊರಳಿಗೆ ಸುತ್ತಿದರೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಮನೆಯಲ್ಲಿರುವ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿಯೂ ವಿಡಿಯೊದಲ್ಲಿಯೂ ‘ಡಬಲ್ ಕ್ರೋಶೆ’ ಎಂದೇ ಇದೆ, ಆದರೆ ಹೆಣೆಯುವ ಕ್ರಮ ಮಾತ್ರ ಬೇರೆ ಬೇರೆ. ಯಾವುದು ಸರಿ? ಇದನ್ನು ಬಿಚ್ಚಬೇಕೇ?
– ಸಾಗರದ ಓದುಗರು

ಉತ್ತರ: ಬಿಚ್ಚಿಬಿಡಿ, ಸಂಕೋಚ ಬೇಡ. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವ ಒಂದೇ ಕುಣಿಕೆಯನ್ನು ಎಳೆದರೆ ಎರಡು ಅಡಿಯೂ ಐದು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ದಾರ ಸುರುಳಿ ಸುರುಳಿಯಾಗಿರುವುದರಿಂದ ಅದನ್ನು ಕೂಡಲೇ ಬಳಸದೆ, ಕುರ್ಚಿಯ ಬೆನ್ನಿಗೆ ಸಡಿಲವಾಗಿ ಸುತ್ತಿ, ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ನೆರಳಿನಲ್ಲಿ ನೇತುಹಾಕಿದರೆ ಸುಕ್ಕು ಬಹುಮಟ್ಟಿಗೆ ಹೋಗುತ್ತದೆ.

ನಿಮ್ಮ ಕೈಯಲ್ಲಿ ದೋಷವಿಲ್ಲ, ಅದು ಕುಚ್ಚಿಗೆ ಪಳಗಿದ ಕೈ ಅಷ್ಟೆ. ಕುಚ್ಚಿನಲ್ಲಿ ರೇಷ್ಮೆ ದಾರ ನುಣುಪು, ಕಡ್ಡಿ ಸಣ್ಣದು, ಪ್ರತಿ ಗಂಟೂ ಮಣಿಯನ್ನು ಹಿಡಿದುಕೊಳ್ಳುವಷ್ಟು ಬಿಗಿಯಾಗಿ ಕೂರಬೇಕು. ಸ್ಕಾರ್ಫಿಗೆ ಬೇಕಾದದ್ದು ಇದರ ತದ್ವಿರುದ್ಧ. ಮೈ ಬೆಚ್ಚಗಿರುವುದು ದಾರದ ದಪ್ಪಕ್ಕಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯಿಂದ. ಬಿಗಿಯಾಗಿ ಹೆಣೆದರೆ ಆ ಗಾಳಿಗೆ ಜಾಗವೇ ಉಳಿಯುವುದಿಲ್ಲ, ಬಲೆಯಂತೆ ತೀರ ಸಡಿಲವಾಗಿ ಹೆಣೆದರೆ ಹೊರಗಿನ ಗಾಳಿ ನುಗ್ಗಿ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಮೊದಲು ಕಡ್ಡಿಯನ್ನು ಬದಲಿಸಿ. ದಪ್ಪ ಉಲ್ಲನ್‌ಗೆ 5.5 ಮಿಲಿಮೀಟರ್ ಕಡ್ಡಿ ಹೊಂದುತ್ತದೆ, ಅದರಲ್ಲಿಯೂ ನಿಮ್ಮ ಕೈ ಬಿಗಿಯೆನಿಸಿದರೆ 6 ಮಿಲಿಮೀಟರಿನದು ತೆಗೆದುಕೊಳ್ಳಿ.

ಇನ್ನು ‘ಡಬಲ್ ಕ್ರೋಶೆ’ಯ ಗೊಂದಲ. ಪುಸ್ತಕವೂ ಸರಿ, ವಿಡಿಯೊವೂ ಸರಿ. ನಿಮ್ಮ ಪುಸ್ತಕ ಬ್ರಿಟನ್ನಿನ ಕ್ರಮದ್ದು, ವಿಡಿಯೊ ಅಮೆರಿಕದ ಕ್ರಮದ್ದು ಎಂದು ಕಾಣುತ್ತದೆ. ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುತ್ತಾರೆ, ಅಮೆರಿಕದ ಡಬಲ್ ಕ್ರೋಶೆ ಬ್ರಿಟನ್ನಿನಲ್ಲಿ ಟ್ರೆಬಲ್ ಆಗುತ್ತದೆ. ಕಡ್ಡಿಗೆ ಮೊದಲೇ ದಾರ ಸುತ್ತದೆ ನೇರವಾಗಿ ಕಂಬದೊಳಕ್ಕೆ ತೂರಿಸಿದರೆ ಅದು ಗಿಡ್ಡ ಕಂಬ, ಒಂದು ಸುತ್ತು ಸುತ್ತಿಕೊಂಡು ತೂರಿಸಿ ಎರಡೆರಡು ಕುಣಿಕೆಗಳಂತೆ ಎರಡು ಸಲ ಎಳೆದರೆ ಉದ್ದ ಕಂಬ. ಪುಸ್ತಕದ ಗಿಡ್ಡ ಕಂಬವನ್ನು ಸಣ್ಣ ಕಡ್ಡಿಯಲ್ಲಿ ಹೆಣೆದರೆ ಬರುವುದು ನೀವು ಹೇಳುವ ರಟ್ಟೇ. ವಿಡಿಯೊದ ಉದ್ದ ಕಂಬ ಬೇಗ ಬೆಳೆಯುತ್ತದೆ ನಿಜ, ಆದರೆ ಕಂಬಗಳ ನಡುವೆ ಕಿಂಡಿ ಬೀಳುತ್ತದೆ. ಟೊರಾಂಟೊದ ಚಳಿಗಾಳಿಗೆ ಎರಡೂ ಬೇಡ, ನಡುವಿನ ‘ಹಾಫ್ ಡಬಲ್ ಕ್ರೋಶೆ’ ಹೆಣೆಯಿರಿ. ಕಡ್ಡಿಗೆ ಒಂದು ಸುತ್ತು ಸುತ್ತಿ, ತೂರಿಸಿ, ದಾರವನ್ನು ಮೇಲೆಳೆದರೆ ಕಡ್ಡಿಯ ಮೇಲೆ ಮೂರು ಕುಣಿಕೆಗಳಿರುತ್ತವೆ. ಮತ್ತೆ ದಾರ ಸುತ್ತಿ ಆ ಮೂರರಿಂದಲೂ ಒಂದೇ ಎಳೆತಕ್ಕೆ ಹೊರತೆಗೆಯಬೇಕು. ಕುಚ್ಚು ಹಾಕುವವರು ಈ ಎಳೆತದಲ್ಲಿಯೇ ಬೆರಳನ್ನು ಬಿಗಿ ಹಿಡಿಯುವುದು. ಮೂರು ಕುಣಿಕೆಗಳೂ ಒಂದೇ ಎತ್ತರಕ್ಕೆ ಬರುವವರೆಗೆ ದಾರವನ್ನು ಮೇಲೆಳೆದುಕೊಂಡರೆ ಕಡ್ಡಿ ತಾನಾಗಿಯೇ ಜಾರಿ ಬರುತ್ತದೆ.

ಬುನಾದಿಗೆ 26 ಚೈನ್, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ, ಹಾಕಿ. ಚೈನ್ ಬಿಗಿಯಾದರೆ ಸ್ಕಾರ್ಫಿನ ಒಂದು ತುದಿ ಮುದುಡಿ ಬೀಸಣಿಗೆಯಂತೆ ಕಾಣುತ್ತದೆ, ಆದ್ದರಿಂದ ಚೈನಿಗೆ ಮಾತ್ರ ಇನ್ನೂ ದಪ್ಪದ ಕಡ್ಡಿ ಬಳಸಿದರೂ ನಡೆಯುತ್ತದೆ. ಕಡ್ಡಿಯಿಂದ ಮೂರನೆಯ ಚೈನಿನಲ್ಲಿ ಮೊದಲ ಕಂಬ ಹಾಕಿ ಕೊನೆಯವರೆಗೆ ಹೋದರೆ 24 ಕಂಬಗಳಾಗುತ್ತವೆ, ಅಗಲ 17–18 ಸೆಂಟಿಮೀಟರ್ ಬರುತ್ತದೆ. ಸಾಲು ಮುಗಿದ ಮೇಲೆ 2 ಚೈನ್ ಹಾಕಿ ತಿರುಗಿಸಿ. ನಿಮ್ಮ 40 ಕಂಬ 31 ಆದದ್ದು ಈ ತಿರುವಿನಲ್ಲಿಯೇ. ತಿರುವಿನ ಚೈನನ್ನು ಒಂದು ಸಲ ಕಂಬವೆಂದು ಎಣಿಸಿ ಪಕ್ಕದ ಕಂಬವನ್ನು ಬಿಟ್ಟು, ವಾಪಸು ಬರುವಾಗ ಆ ಚೈನಿನ ತಲೆಯ ಮೇಲೆ ಹೆಣೆಯಲು ಮರೆತರೆ ಒಂದು ಕಂಬ ಹೋಯಿತು. ಕುಚ್ಚಿನಲ್ಲಿ ಹೀಗೆ ಹಿಂದೆ ಮುಂದೆ ತಿರುಗಿಸುವ ಸಾಲುಗಳು ಕಡಿಮೆಯಾದ್ದರಿಂದ ಈ ತಪ್ಪು ಅಲ್ಲಿ ಕಣ್ಣಿಗೆ ಬಿದ್ದಿರುವುದಿಲ್ಲ. ನನ್ನ ಸಲಹೆಯೆಂದರೆ, ತಿರುವಿನ 2 ಚೈನನ್ನು ಎಂದೂ ಎಣಿಸಬೇಡಿ. ಅದರ ಬುಡದಲ್ಲಿಯೇ ಇರುವ ಕಂಬದಲ್ಲಿ ಹೊಸ ಸಾಲಿನ ಮೊದಲ ಕಂಬ ಹಾಕಿ, ಆ ಕಂಬಕ್ಕೂ ಸಾಲಿನ ಕೊನೆಯ ಕಂಬಕ್ಕೂ ಒಂದೊಂದು ಸೇಫ್ಟಿ ಪಿನ್ನು ಸಿಕ್ಕಿಸಿ. ಪಿನ್ನಿನಿಂದ ಪಿನ್ನಿಗೆ ಹೆಣೆದು, ಪಿನ್ನನ್ನು ಮೇಲಿನ ಸಾಲಿಗೆ ಏರಿಸುತ್ತ ಹೋದರೆ ಎಣಿಸದೆಯೂ ಅಂಚು ನೆಟ್ಟಗೆ ಬರುತ್ತದೆ. ನಾನಂತೂ ಮೊದಲ ಹತ್ತು ಸಾಲು ಎಣಿಸುತ್ತೇನೆ.

ಇಷ್ಟು ಕೈಗೆ ಹತ್ತಿದ ಮೇಲೆ ಇನ್ನೊಂದು ಸಣ್ಣ ಬದಲಾವಣೆ ಮಾಡಿಕೊಳ್ಳಬಹುದು. ಪ್ರತಿ ಕಂಬದ ತಲೆಯ ಮೇಲೆ ಮಲಗಿದ ‘ವಿ’ಯಂತೆ ಎರಡು ಎಳೆಗಳು ಕಾಣುತ್ತವೆ. ಎರಡರಡಿಯೂ ಕಡ್ಡಿ ತೂರಿಸುವ ಬದಲು, ನಿಮ್ಮಿಂದ ಆಚೆಗಿರುವ ಎಳೆಯೊಂದರಲ್ಲೇ ಹೆಣೆದರೆ ಈಚೆಯ ಎಳೆಗಳು ಏಣಾಗಿ ಎದ್ದುನಿಂತು, ಬಟ್ಟೆ ಹಾರ್ಮೋನಿಯಮ್ಮಿನ ತಿದಿಯಂತೆ ಉದ್ದಕ್ಕೆ ಹಿಗ್ಗುತ್ತದೆ. ಏಣುಗಳ ಸಂದಿನಲ್ಲಿ ಗಾಳಿಯೂ ಚೆನ್ನಾಗಿ ನಿಲ್ಲುತ್ತದೆ. ಸಾಲಿನ ಕೊನೆಯ ಕಂಬದಲ್ಲಿ ಮಾತ್ರ ಎರಡೂ ಎಳೆಗಳನ್ನು ಹಿಡಿಯಿರಿ, ಅಂಚು ಜೋಲುವುದಿಲ್ಲ.

ದಾರ ಎಷ್ಟು ಬೇಕೆಂಬುದನ್ನು ಮೊದಲ ಉಂಡೆಯೇ ಹೇಳುತ್ತದೆ. 50 ಗ್ರಾಮಿನ ಒಂದು ಉಂಡೆ ಮುಗಿದಾಗ ಟೇಪು ಹಿಡಿದು ನೋಡಿ. 42 ಸೆಂಟಿಮೀಟರ್ ಆಗಿದ್ದರೆ, ಸುಮಾರು 170 ಸೆಂಟಿಮೀಟರಿನ ಸ್ಕಾರ್ಫಿಗೆ ನಾಲ್ಕು ಉಂಡೆ, ತುದಿಯ ಕುಚ್ಚಿಗೆಂದು ಇನ್ನೊಂದು. ಎಲ್ಲವನ್ನೂ ಒಂದೇ ಸಲ, ಲೇಬಲಿನ ಮೇಲೆ ಒಂದೇ ಲಾಟ್ ಸಂಖ್ಯೆ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು) ಇರುವುದನ್ನು ನೋಡಿ ಕೊಳ್ಳಬೇಕು, ಏಕೆಂದರೆ ಅದೇ ಬಣ್ಣವೆಂದು ಆಮೇಲೆ ತಂದ ಉಂಡೆ ಹಗಲು ಬೆಳಕಿನಲ್ಲಿ ಪಟ್ಟೆಯಾಗಿ ಎದ್ದು ಕಾಣುವುದುಂಟು. ಹಾಸ್ಟೆಲಿನಲ್ಲಿರುವ ಹುಡುಗ ಅದನ್ನು ವಾಷಿಂಗ್ ಮಷಿನ್ನಿಗೆ ಹಾಕಿಯೇ ಹಾಕುತ್ತಾನೆ ಎಂದು ಎಣಿಸಿಕೊಂಡೇ ದಾರ ಆರಿಸಿ. ಸಾಮಾನ್ಯ ಉಣ್ಣೆಯ ಎಳೆಗಳಿಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ತಿರುಗಾಟ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಸ್ಕಾರ್ಫ್ ಕುಗ್ಗಿ ಕಂಬಳಿತುಂಡಾಗುತ್ತದೆ. ಲೇಬಲಿನಲ್ಲಿ ‘ಸೂಪರ್‌ವಾಷ್’ (ಮಷಿನ್ನಿನಲ್ಲಿ ಒಗೆಯಲು ಹದಮಾಡಿದ್ದು) ಎಂದಿರುವ ಮೆರಿನೊ ಕುರಿಯ ನಯವಾದ ಉಣ್ಣೆ ಅಥವಾ ಉಣ್ಣೆ–ಅಕ್ರಿಲಿಕ್ ಮಿಶ್ರಣ ಅವನಿಗೆ ಸರಿ. ತುದಿಗಳಲ್ಲಿ ಕುಚ್ಚು ಹೇಗೆ ಕಟ್ಟಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಅಂಗಡಿಯ ‘ಉಲ್ಲನ್’ ನಿಜವಾಗಿಯೂ ಕುರಿಯ ಉಣ್ಣೆಯೇ? ನಮ್ಮ ಕಡೆ ಕಂಬಳಿ ನೇಯುವವರಲ್ಲಿ ಕೈನೂಲು ಸಿಗುತ್ತದೆ, ಅದರಲ್ಲಿ ಸ್ಕಾರ್ಫ್ ಹೆಣೆಯಬಹುದೇ?
– ಚಳ್ಳಕೆರೆಯ ಓದುಗರು

ಉತ್ತರ: ನಮ್ಮಲ್ಲಿ ಉಲ್ಲನ್ ಎಂದು ಮಾರುವುದು ಹೆಚ್ಚಾಗಿ ಅಕ್ರಿಲಿಕ್. ಒಂದು ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೊಂದು ನೀರಿನ ತಟ್ಟೆ ಇಟ್ಟು, ಬೆಂಕಿಕಡ್ಡಿ ಗೀರಿ ಹಚ್ಚಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತಾನಾಗಿ ಆರಿ, ಬೆರಳಲ್ಲಿ ಪುಡಿಯಾಗುವ ಕರಿಬೂದಿ ಉಳಿಯುತ್ತದೆ. ಅಕ್ರಿಲಿಕ್ಕಾದರೆ ಕರಗುತ್ತ ಉರಿದು, ಆರಿದ ಮೇಲೆ ಗಟ್ಟಿ ಕರಿಮಣಿಯಂತಾಗುತ್ತದೆ. ಅಕ್ರಿಲಿಕ್ ಕೀಳೆಂದಲ್ಲ, ಅಗ್ಗ, ಹಗುರ, ಒಗೆಯಲು ಸುಲಭ. ಆದರೆ ಬೆವರನ್ನು ಹೀರುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಹೀರಿಕೊಂಡೂ ಒದ್ದೆಯೆನಿಸುವುದಿಲ್ಲ. ಅಕ್ರಿಲಿಕ್ ಸ್ಕಾರ್ಫ್ ತೊಟ್ಟು ಬೆಂಕಿ ಕಾಯಿಸಲು ಕೂರಬೇಡಿ, ಇಸ್ತ್ರಿಪೆಟ್ಟಿಗೆಯನ್ನೂ ತಾಕಿಸಬೇಡಿ, ಒಮ್ಮೆ ಜೋತುಬಿದ್ದರೆ ಮತ್ತೆ ಸರಿಯಾಗುವುದಿಲ್ಲ.

ಕಂಬಳಿಯ ನೂಲು ದಖನಿ ಕುರಿಯದು, ಒರಟು. ಎಳೆಯ ದಪ್ಪ 30 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಾಟಿದರೆ ಅದರ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ, ಕೊರಳಲ್ಲಿ ಆಗುವ ನವೆಗೆ ಇದೇ ಕಾರಣ. ಆ ನೂಲು ಮಳೆಯಲ್ಲಿ ಹೊದೆಯಲು ಹೇಳಿಮಾಡಿಸಿದ್ದು, ಕೊರಳಿಗಲ್ಲ. ಆಸೆಯಿದ್ದರೆ ಸ್ಕಾರ್ಫ್ ಹೆಣೆದು, ಒಳಬದಿಗೆ ಹಳೆಯ ಹತ್ತಿ ಸೀರೆಯ ಅಸ್ತರಿ ಕೊಡಿ. ಅಸ್ತರಿ ಇಲ್ಲದೆ ಹೆಣೆಯುವುದಾದರೆ ಅದರಲ್ಲಿ ಚೀಲವೋ ಕುರ್ಚಿಯ ಮೇಲಿನ ಹಾಸೋ ಬಹಳ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ಮೂರು ವರ್ಷದ ಮೊಮ್ಮಗಳಿಗೆ ಇಂಥದೇ ಸಣ್ಣ ಸ್ಕಾರ್ಫ್ ಹೆಣೆಯಬಹುದೇ?
– ಮಡಿಕೇರಿಯ ಓದುಗರು

ಉತ್ತರ: ಉದ್ದದ್ದು ಬೇಡ. ಜಾರುಬಂಡೆಯಲ್ಲೋ ತೂಗುಯ್ಯಾಲೆಯಲ್ಲೋ ತುದಿ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತದೆ. ಮಗುವಿನ ತಲೆಯ ಸುತ್ತಳತೆಯನ್ನು ಟೇಪಿನಲ್ಲಿ ತೆಗೆದು, ಅಷ್ಟೇ ಉದ್ದದ, ಸುಮಾರು 12 ಸೆಂಟಿಮೀಟರ್ ಅಗಲದ, ಮೊದಲ ಉತ್ತರದಲ್ಲಿ ಹೇಳಿದ ಏಣಿನ ಹೆಣಿಗೆಯ ಪಟ್ಟಿ ಹೆಣೆದು, ಎರಡು ತುದಿಗಳನ್ನು ಸೇರಿಸಿ ಬಳೆಯಂತೆ ಮಾಡಿ. ಹಿಗ್ಗುವ ಹೆಣಿಗೆಯಾದ್ದರಿಂದ ತಲೆಯ ಮೇಲಿಂದ ಸಲೀಸಾಗಿ ಇಳಿಯುತ್ತದೆ. ಗುಂಡಿ, ಕುಚ್ಚು ಯಾವುದನ್ನೂ ಹಾಕಬೇಡಿ, ಆ ವಯಸ್ಸಿನ ಮಕ್ಕಳು ಅದನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಾರೆ.